ದುಬಾರಿ ಹವ್ಯಾಸಕ್ಕೆ ಹಣ ಹೊಂದಿಸುವುದು: ಮಕ್ಕಳೊಂದಿಗೆ ನಡೆಸಿ ನೋಡಿದ ದಾರಿಗಳ ಹೋಲಿಕೆ

ಮಗಳಿಗೆ ಆಕಾಶ ನೋಡುವ ಹುಚ್ಚು ಹಿಡಿದ ಮೇಲೆ ನಮ್ಮ ಮನೆಯಲ್ಲಿ ಕೈಖರ್ಚಿನ ಹಣದ ಲೆಕ್ಕಾಚಾರವೇ ಬದಲಾಯಿತು. ಬಣ್ಣದ ಪೆನ್ಸಿಲು, ಕಥೆಪುಸ್ತಕಗಳಿಗೆ ಸಾಕಾಗುತ್ತಿದ್ದ ಚಿಲ್ಲರೆ ದೂರದರ್ಶಕದ ಬೆಲೆಯ ಮುಂದೆ ಏನೇನೂ ಅಲ್ಲ. ಹಾಗೆಂದು ಪೂರ್ತಿ ಹಣ ಸುರಿದು ನಾವೇ ಕೊಡಿಸಿಬಿಟ್ಟರೆ ಅದರಲ್ಲಿ ಅವಳ ಪಾಲು ಎಲ್ಲಿ ಉಳಿಯಿತು? ಕೇಳಿದಾಗ ಕೊಡುವುದು, ವಾರಕ್ಕಿಷ್ಟು ಎಂದು ಗೊತ್ತುಮಾಡುವುದು, ಮನೆಗೆಲಸಕ್ಕೆ ಕೂಲಿ ಕೊಡುವುದು, ಮುಂಗಡ ಕೊಟ್ಟು ತೀರಿಸಿಕೊಳ್ಳುವುದು, ಅವಳು ಉಳಿಸಿದಷ್ಟನ್ನೇ ನಾವೂ ಸೇರಿಸುವುದು – ಇವಿಷ್ಟನ್ನೂ ಮನೆಯಲ್ಲಿ ನಡೆಸಿ ನೋಡಿದ್ದೇವೆ.

ಕೇಳಿದಾಗ ಕೊಡುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೆತ್ತವರಿಗೆ ಇದಕ್ಕಿಂತ ಸುಲಭವಾದದ್ದು ಇಲ್ಲ, ಮಕ್ಕಳಿಗೆ ಇದರಿಂದ ದಕ್ಕುವುದೂ ಇಲ್ಲ. ನಮ್ಮ ಮನಸ್ಸು ಹಗುರವಾಗಿದ್ದ ದಿನ ಹಣ ಸಿಗುತ್ತದೆ, ದಣಿದು ಬಂದ ದಿನ ಸಿಗುವುದಿಲ್ಲ. ಹಣದ ಲೆಕ್ಕಕ್ಕಿಂತ ಅಪ್ಪ ಅಮ್ಮನ ಮುಖದ ಲೆಕ್ಕವನ್ನೇ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ.

ವಾರದ ಹಣ ಅದಕ್ಕಿಂತ ಎಷ್ಟೋ ಮೇಲು. ಚಿಕ್ಕವರಿಗೆ ತಿಂಗಳು ಬಹಳ ಉದ್ದ. ವಾರವಾದರೆ ಖರ್ಚು ಮಾಡಿ, ಬರಿಗೈಯಾಗಿ, ಮತ್ತೆ ಎಣಿಸಿಕೊಳ್ಳುವಷ್ಟರಲ್ಲಿ ಮುಂದಿನ ಕಂತು ಬಂದಿರುತ್ತದೆ. ಇದಕ್ಕೆ ಎರಡು ಕಟ್ಟುಪಾಡು ಬೇಕೇ ಬೇಕು. ಕೊಡುವ ದಿನ ತಪ್ಪಬಾರದು, ಶಿಕ್ಷೆಯೆಂದು ಹಣ ಕಡಿತ ಮಾಡಬಾರದು. ದಿನನಿತ್ಯದ ಸಣ್ಣಪುಟ್ಟ ಆಸೆಗಳಿಗೆ ಇಷ್ಟು ಸಾಕು. ದೂರದರ್ಶಕಕ್ಕೆ ಮಾತ್ರ ಸಾಲದು. ಈ ಗತಿಯಲ್ಲಿ ಉಳಿಸಿದರೆ ಯಾವಾಗ ಕೊಳ್ಳಬಹುದು ಎಂದು ಮಗಳು ಕೂತು ಗುಣಿಸಿದಾಗ ಉತ್ತರ ವರ್ಷಗಳಲ್ಲಿ ಬಂತು. ಹತ್ತು ವರ್ಷದ ಹುಡುಗಿಗೆ ಅಷ್ಟು ದೂರದ ದಿನ ಬರುವುದೂ ಒಂದೇ, ಬಾರದಿರುವುದೂ ಒಂದೇ. ಅವಳು ಉಳಿಸುವುದನ್ನೇ ಕೈಬಿಟ್ಟಳು, ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೂಲಿಯ ವಿಧಾನ ಆರಂಭದಲ್ಲಿ ಭರ್ಜರಿಯಾಗಿ ನಡೆಯಿತು. ಪಾತ್ರೆ ಒರೆಸಿದ್ದಕ್ಕಿಷ್ಟು, ಗಿಡಗಳಿಗೆ ನೀರು ಹಾಕಿದ್ದಕ್ಕಿಷ್ಟು ಎಂದು ಹಣ ಬೇಗಬೇಗ ಸೇರಿತು. ಆಮೇಲೊಂದು ದಿನ ಒಣಗಿದ ಬಟ್ಟೆ ಮಡಚಿಡು ಎಂದಾಗ, “ಅಮ್ಮಾ, ಇದಕ್ಕೆ ಎಷ್ಟು?” ಎಂದು ಕೇಳಿದಳು. ಅದು ದುರಾಸೆಯ ಮಾತಾಗಿರಲಿಲ್ಲ, ನಾವೇ ಇಟ್ಟ ವ್ಯವಸ್ಥೆಯ ನೇರ ಪ್ರಶ್ನೆ. ಆದರೆ ಒಂದೇ ಮನೆಯಲ್ಲಿ ಬದುಕುವವರ ನಡುವೆ ಆ ಪ್ರಶ್ನೆ ಏಳುವುದು ನನಗೆ ಬೇಡ. ಈಗ ಹಳೆಯ ಕಾಗದಪತ್ರ ವಿಂಗಡಿಸುವಂತಹ, ಹೊರಗಿನವರಾದರೆ ಹಣ ಕೊಟ್ಟು ಮಾಡಿಸಬೇಕಾದ ದೊಡ್ಡ ಕೆಲಸಕ್ಕಷ್ಟೇ ಕೂಲಿ.

ಒಂದು ನಕ್ಷತ್ರಪುಂಜ ಗುರುತಿಸಿದರೆ ಇಷ್ಟು ಬಹುಮಾನ ಕೊಡಿ ಎಂಬ ಸಲಹೆಯೂ ಮನೆಯ ಹಿರಿಯರಿಂದ ಬಂದಿತ್ತು. ಅದಕ್ಕೆ ನಾನು ಖಂಡಿತ ಒಪ್ಪಲಿಲ್ಲ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಚಿತ್ರ ಬರೆಸಿದ ಮಕ್ಕಳು, ಆಮೇಲೆ ತಮ್ಮಷ್ಟಕ್ಕೆ ಬಿಟ್ಟಾಗ ಚಿತ್ರ ಬಿಡಿಸಲು ಕಳೆದ ಸಮಯ ಉಳಿದವರ ಅರ್ಧದಷ್ಟು ಮಾತ್ರ. ಯಾವ ಆಸೆಗೆಂದು ಹಣ ಕೂಡಿಸುತ್ತಿದ್ದೇವೋ ಆ ಆಸೆಯ ಬೇರಿಗೇ ಕೊಡಲಿ ಹಾಕುವ ಬಹುಮಾನ ಯಾರಿಗೆ ಬೇಕು?

ಮುಂಗಡ ಚಿಕ್ಕ ಮೊತ್ತಕ್ಕೆ ಸರಿ. ದೊಡ್ಡ ವಸ್ತುವಿಗೆ ಬೇಡ. ಹವ್ಯಾಸದ ಕಾವು ಆರಿದ ಮೇಲೂ ಸಾಲ ಉಳಿದರೆ ಮೂಲೆಯಲ್ಲಿರುವ ಆ ವಸ್ತುವನ್ನು ಕಂಡರೇ ಮಗುವಿಗೆ ಬೇಸರವಾಗುತ್ತದೆ.

ನನ್ನ ಒಲವು ಸಮಪಾಲಿನ ಕಡೆಗೆ. ವಾರದ ಹಣದಲ್ಲಿ ಅವಳು ಎಷ್ಟು ತೆಗೆದಿಡುತ್ತಾಳೋ ಅಷ್ಟನ್ನೇ ನಾವೂ ಹಾಕುತ್ತೇವೆ. ನೋಟುಪುಸ್ತಕದ ಒಂದು ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಅವಳ ಪಾಲು, ಬಲಕ್ಕೆ ನಮ್ಮದು ಎಂದು ಬರೆದೆವು. ಕಾಯುವ ಕಾಲ ಅರ್ಧಕ್ಕಿಳಿಯಿತು, ಅಷ್ಟಕ್ಕೇ ಅವಳ ಉತ್ಸಾಹ ಮರಳಿತು. ನೆಂಟರು ಕೈಗಿಡುವ ಹಣಕ್ಕೆ ನಮ್ಮ ಪಾಲು ಸೇರದು. ಸೇರಿಸಿದರೆ ಭಾರ ನಮ್ಮ ಅಂಕೆ ಮೀರುತ್ತದೆ. ನಡುವೆ ಮನಸ್ಸು ಬದಲಾದರೆ ಅವಳದು ಅವಳಿಗೆ, ನಮ್ಮದು ನಮಗೆ ವಾಪಸು. ಇವೆರಡನ್ನೂ ಮೊದಲೇ ಮಾತಾಡಿ ಬರೆದಿಟ್ಟುಕೊಂಡಿದ್ದರಿಂದ ಮುಂದೆ ಜಗಳಕ್ಕೆ ಆಸ್ಪದವಾಗಲಿಲ್ಲ.

ಇದರ ದೊಡ್ಡ ಲಾಭ ನಾನು ನಿರೀಕ್ಷಿಸಿದ ಕಡೆಯಿಂದ ಬರಲಿಲ್ಲ. ತನ್ನ ಹಣವೂ ಹೋಗುತ್ತದೆ ಎಂದಾದ ಮೇಲೆ ಮಗಳು ಜಾಹೀರಾತುಗಳನ್ನು ಅನುಮಾನದಿಂದ ಓದತೊಡಗಿದಳು. ಅವಳ ಕಣ್ಣು ಮೊದಲು ಬಿದ್ದದ್ದು 525 ಪಟ್ಟು ದೊಡ್ಡದಾಗಿ ತೋರಿಸುವ 60 ಮಿಲಿಮೀಟರ್ ಮಸೂರದ ದೂರದರ್ಶಕದ ಮೇಲೆ. ಮಸೂರದ ವ್ಯಾಸದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ ಎರಡು ಪಟ್ಟು ವರ್ಧನೆಯಷ್ಟೇ ಉಪಯೋಗಕ್ಕೆ ಬರುತ್ತದೆ ಎಂಬ ನಿಯಮವನ್ನು ಓದಿ, “ಇದಕ್ಕೆ 120 ದಾಟುವ ಯೋಗ್ಯತೆ ಇಲ್ಲ, 525ರಲ್ಲಿ ಕಾಣುವುದು ಮಸುಕು ಮಾತ್ರ” ಎಂದು ನನಗೇ ಪಾಠ ಹೇಳಿದಳು. ಶನಿಯ ಉಂಗುರ ಕಾಣಲು 30 ಪಟ್ಟಿನ ಆಸುಪಾಸು ಸಾಕು. ಗುರುವಿನ ನಾಲ್ಕು ಚಂದ್ರರನ್ನು 1610ರಲ್ಲಿ ಗೆಲಿಲಿಯೋ ಕಂಡದ್ದೂ ಸುಮಾರು 20 ಪಟ್ಟಿನ ಕೊಳವೆಯಲ್ಲಿ. ಕೊನೆಗೆ ಅವಳು ಆರಿಸಿದ್ದು 114 ಮಿಲಿಮೀಟರ್ ಕನ್ನಡಿಯ ದೂರದರ್ಶಕ. 60ರದ್ದಕ್ಕೆ ಹೋಲಿಸಿದರೆ ಅದು ಮೂರೂವರೆ ಪಟ್ಟಿಗೂ ಮೀರಿ ಬೆಳಕು ಹಿಡಿಯುತ್ತದೆ. ಅದಕ್ಕಾಗಿ ಇನ್ನಷ್ಟು ಕಾಯಲು ಅವಳೇ ತೀರ್ಮಾನಿಸಿದಳು.

ಕೊಂಡ ಮೇಲೂ ಖರ್ಚು ನಿಲ್ಲುವುದಿಲ್ಲ. ಆ ಉಪಕರಣದ ನಾಭಿದೂರ, ಅಂದರೆ ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ಅಂತರ, 900 ಮಿಲಿಮೀಟರ್. ಅದರೊಂದಿಗೆ ಬಂದ 25 ಮತ್ತು 10 ಮಿಲಿಮೀಟರಿನ ಐಪೀಸುಗಳು, ಅಂದರೆ ಕಣ್ಣಿಟ್ಟು ನೋಡುವ ತುದಿಯ ಮಸೂರಗಳು, 900ನ್ನು ಅವುಗಳ ಅಳತೆಯಿಂದ ಭಾಗಿಸಿದಷ್ಟು, ಎಂದರೆ 36 ಮತ್ತು 90 ಪಟ್ಟು ತೋರಿಸುತ್ತವೆ. ಇನ್ನೊಂದು ಐಪೀಸ್ ಕೊಳ್ಳುವ ಬದಲು ಐಪೀಸಿನ ಜೊತೆ ಸೇರಿಸಿದರೆ ಅದರ ವರ್ಧನೆಯನ್ನು ಎರಡು ಪಟ್ಟು ಮಾಡುವ ಬಾರ್ಲೋ ಎಂಬ ಮಸೂರ ಕೊಂಡರೆ 72, 180 ಎಂಬ ಎರಡು ಹೊಸ ವರ್ಧನೆಗಳು ಸಿಗುತ್ತವೆ ಎಂದು ಅದೇ ಪುಟದ ಅಂಚಿನಲ್ಲಿ ಲೆಕ್ಕ ಹಾಕಿದಳು. ಅದನ್ನೂ ಅರ್ಧ ಅರ್ಧದಲ್ಲೇ ಕೊಂಡೆವು.

ಸಮಪಾಲಿನಲ್ಲಿ ತೊಡಕೂ ಇದೆ. ವಾರದ ಹಣ ಕಡಿಮೆ ಇರುವ ಚಿಕ್ಕ ಮಗುವಿಗೆ ಕಾಯುವ ಕಾಲ ಇನ್ನೂ ಉದ್ದವೇ. ಕೀಬೋರ್ಡ್ ಕಲಿಯಬೇಕೆನ್ನುವ ಮಗನಿಗೆ ಮೊದಲು ವಾದ್ಯವನ್ನು ಬಾಡಿಗೆಗೆ ತಂದುಕೊಟ್ಟಿದ್ದೇವೆ, ಬಾಡಿಗೆ ನಮ್ಮದು. ಕೊಳ್ಳುವ ವಾದ್ಯಕ್ಕೆ ಅವನ ಪಾಲು ಒಂದಾದರೆ ನಮ್ಮದು ಎರಡು ಎಂದು ನಿಗದಿಯಾಗಿದೆ. ಅಕ್ಕ ಅದಕ್ಕೆ ಸ್ವಲ್ಪ ವಾದ ಮಾಡಿ, ಅವನ ವಾರದ ಹಣ ಅವಳದರ ಅರ್ಧದಷ್ಟೇ ಎಂದು ನಾವು ನೆನಪಿಸಿದ ಮೇಲೆ ಒಪ್ಪಿದ್ದಾಳೆ.