‘130 ರಿಂದ 280’ ಅನ್ನುವ ಸ್ಟಿಕ್ಕರ್ ನಂಬಿ ಸ್ಟೆಬಿಲೈಸರ್ ತರಬೇಡಿ

ಲೈನಿನ ತುದಿಯಲ್ಲಿ ಮನೆ ಇರುವವರು, ಸಂಜೆ ಆರಾದರೆ ಬಲ್ಬು ಕೆಂಪಗಾಗುವ ಊರಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇಡೀ ಮನೆಗೆ ಅಂತ ತಂದ ಸ್ಟೆಬಿಲೈಸರ್ ಒಂದೇ ರಾತ್ರಿಯಲ್ಲಿ ಫ್ರಿಜ್ಜಿನ ಬೋರ್ಡು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರು, ನಾಲ್ಕು ಎಲ್‌ಇಡಿ ಬಲ್ಬು ಸುಟ್ಟಿತು. ಕಾಪಾಡಬೇಕಾದ ಡಬ್ಬವೇ ಸುಟ್ಟಿದ್ದು. ಸಿಡಿಲಿಲ್ಲ, ಮಳೆಯಿಲ್ಲ, ಲೈನಿನಲ್ಲಿ ಏನೂ ತಪ್ಪಿರಲಿಲ್ಲ. ಅಂಗಡಿಯ ಹೆಸರು ಹಾಕುವುದಿಲ್ಲ. ಇಂಥ ಡಬ್ಬ ಆ ಒಂದೇ ಅಂಗಡಿಯಲ್ಲಿ ಇರುವುದೂ ಅಲ್ಲ.

ಡಬ್ಬದ ಮೇಲೆ ಬರೆದಿದ್ದು ಇಷ್ಟು: 4 ಕೆವಿಎ, 130 ರಿಂದ 280 ವೋಲ್ಟ್, ಡಬಲ್ ಬೂಸ್ಟ್, ಶುದ್ಧ ತಾಮ್ರ. ಬೆಲೆ 5,800 ರೂಪಾಯಿ. ಬಿಲ್ಲು ಕೇಳಿದ್ದಕ್ಕೆ ಸಿಕ್ಕಿದ್ದು ಬರೀ ಎಸ್ಟಿಮೇಟ್ ಚೀಟಿ. ಅಂಗಡಿಯವರು ಅದನ್ನು, ವೋಲ್ಟೇಜ್ ಕೈಯಿಂದ ಏರಿಸಿ ಇಳಿಸುವ ಡಿಮ್ಮರ್‌ಸ್ಟಾಟ್‌ಗೆ ಜೋಡಿಸಿ ತೋರಿಸಿದರು. ಆನ್ ಮಾಡಿದಾಗ ಒಂದು ಸಲ ಟಿಕ್ ಅಂತು, ವೋಲ್ಟೇಜ್ ಇಳಿಸಿದಾಗ ಇನ್ನೊಂದು ಸಲ ಟಿಕ್ ಅಂತು. ಇನ್‌ಪುಟ್ 150ಕ್ಕೆ ಇಳಿದರೂ ಔಟ್‌ಪುಟ್ ಡಿಸ್‌ಪ್ಲೇಯಲ್ಲಿ 220. ಎರಡು ಟಿಕ್ ಅಂದರೆ ಎರಡು ಬೂಸ್ಟ್, ಅಂದರೆ ವೋಲ್ಟೇಜ್ ಏರಿಸುವ ಎರಡು ಹಂತ, ಅಂತ ನಂಬಿದೆ. ಮೋಸ ಹೋದದ್ದು ಅಲ್ಲಿಯೇ, ಆ ಟಿಕ್ ಶಬ್ದಕ್ಕೆ. ಟ್ಯಾಪಿನ (ಸುರುಳಿಯ ನಡುವೆ ಹೊರಗೆಳೆದ ತಂತಿಯ) ಲೆಕ್ಕ ಗೊತ್ತಿದ್ದೂ ಔಟ್‌ಪುಟ್ ಸಾಕೆಟ್ಟಿಗೆ ಒಂದು ಮೀಟರ್ ಹಿಡಿದು ನೋಡಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮನೆಗೆ ತಂದು ಹಾಕಿದ ಸಂಜೆ ಲೈನು 168 ವೋಲ್ಟ್ ಇತ್ತು. ಡಿಸ್‌ಪ್ಲೇ 220 ಅನ್ನುತ್ತದೆ, ಟ್ಯೂಬ್‌ಲೈಟ್ ಮಾತ್ರ ಹತ್ತದು. ಮಲ್ಟಿಮೀಟರ್ ಇಟ್ಟರೆ ಔಟ್‌ಪುಟ್ 193! ಮತ್ತೆ ಇಟ್ಟರೂ 193. ಅಂಗಡಿಗೆ ಫೋನು ಮಾಡಿದೆ.

“ಸಾರ್, ಡಿಸ್‌ಪ್ಲೇ 220 ತೋರಿಸ್ತಿದೆ ತಾನೆ? ನಿಮ್ಮ ಮೀಟರ್ ಸೆಲ್ ಹೋಗಿರ್ಬೇಕು, ಚೇಂಜ್ ಮಾಡಿ ನೋಡಿ.”

ಸೆಲ್ ಬದಲಾಯಿಸಿದೆ, ಪಕ್ಕದ ಮನೆಯವರ ಮೀಟರೂ ತಂದು ನೋಡಿದೆ. ಎರಡರಲ್ಲೂ ಅದೇ ಅಂಕಿ. ಸ್ಟಿಕ್ಕರ್ ಮೇಲೆ 130 ಅಂತ ಬರೆದಿದೆಯಲ್ಲ ಅಂದರೆ ಬಂದ ಉತ್ತರ ಇದು: “130ಕ್ಕೂ ಆಫ್ ಆಗಲ್ಲ ಅಂತ ಅರ್ಥ ಸಾರ್ ಅದು. 220 ಕೊಡುತ್ತೆ ಅಂತ ಎಲ್ಲಿ ಬರೆದಿದೆ ಹೇಳಿ?”

ಎಲ್ಲೂ ಬರೆದಿರಲಿಲ್ಲ, ನಿಜ. ಮಾರುವಾಗ ಬಾಯಲ್ಲಿ ಹೇಳಿದ್ದು ಬೇರೆ, ಸ್ಟಿಕ್ಕರ್ ಮೇಲೆ ಇರುವುದು ಬೇರೆ.

193 ಎಲ್ಲಿಂದ ಬಂತು ಅನ್ನುವುದರಲ್ಲಿ ಗುಟ್ಟೇನೂ ಇಲ್ಲ, ಅದು ಬರೀ ಸುತ್ತಿನ ಲೆಕ್ಕ. ರಿಲೇ (ತಾನಾಗಿ ಟಿಕ್ ಅಂತ ಸಂಪರ್ಕ ಬದಲಿಸುವ ಸ್ವಿಚ್ಚು) ಇರುವ ಸ್ಟೆಬಿಲೈಸರಿನ ಒಳಗೆ ಇರುವುದು ಆಟೋ ಟ್ರಾನ್ಸ್‌ಫಾರ್ಮರ್. ಒಂದೇ ವೈಂಡಿಂಗು, ಅದರ ನಡುನಡುವೆ ಹೊರಗೆಳೆದ ತಂತಿಗಳೇ ಟ್ಯಾಪು. ಈ ಡಬ್ಬ ಬಿಚ್ಚಿ ಕೋರಿನ (ವೈಂಡಿಂಗಿನ ನಡುವಿನ ಕಬ್ಬಿಣದ) ಸಂದಿಯಲ್ಲಿ 10 ಸುತ್ತು ಇನ್ಸುಲೇಟೆಡ್ ತಂತಿ ಹಾಯಿಸಿ, ಪೂರ್ತಿ ವೈಂಡಿಂಗಿಗೆ 230 ಕೊಟ್ಟು ಅಳೆದರೆ ಆ 10 ಸುತ್ತಿನಲ್ಲಿ 5 ವೋಲ್ಟ್ ಬಂತು. ಅಂದರೆ ವೋಲ್ಟಿಗೆ 2 ಸುತ್ತು. 230ರ ತುದಿಗೆ 460 ಸುತ್ತು, 200ರ ಟ್ಯಾಪಿಗೆ 400, 170ರ ಟ್ಯಾಪಿಗೆ 340. ಔಟ್‌ಪುಟ್ ಯಾವಾಗಲೂ 460ರ ತುದಿಯಿಂದ. ಲೈನು ಯಾವ ಟ್ಯಾಪಿಗೆ ಬೀಳಬೇಕು ಅನ್ನುವುದನ್ನು ರಿಲೇ ಆರಿಸುತ್ತದೆ. 400ರ ಟ್ಯಾಪಿಗೆ ಬಿದ್ದರೆ 460 ಭಾಗ 400, ಅಂದರೆ 1.15 ಪಟ್ಟು. 168 ಗುಣಿಸು 1.15, ಸರಿಯಾಗಿ 193. 340ರ ಟ್ಯಾಪಿಗೆ ಬಿದ್ದಿದ್ದರೆ 1.353 ಪಟ್ಟು, 227 ಬರಬೇಕಿತ್ತು. ಬರಲಿಲ್ಲ ಯಾಕೆಂದರೆ 170ರ ತಂತಿಯನ್ನು ಎಲ್ಲಿಗೂ ಜೋಡಿಸಿಯೇ ಇರಲಿಲ್ಲ.  ಬೂಸ್ಟಿಗೆ ಇದ್ದದ್ದು ಒಂದೇ ರಿಲೇ. ಅಂಗಡಿಯಲ್ಲಿ ಕೇಳಿಸಿದ ಮೊದಲ ಟಿಕ್ ಬೂಸ್ಟೇ ಅಲ್ಲ, ತಡವಾಗಿ ಔಟ್‌ಪುಟ್ ಬಿಡುವ ಡಿಲೇ ರಿಲೇ. ಒಂದು ಬೂಸ್ಟಿಗೆ ‘ಡಬಲ್ ಬೂಸ್ಟ್’ ಅಂತ ಅಚ್ಚು ಹಾಕಿ ಮಾರಿದ್ದಾರೆ.

ಇನ್ನು ಆ 220? ಬೋರ್ಡಿನಲ್ಲಿ ವೋಲ್ಟೇಜ್ ಅಳೆಯುವ ಪುಟ್ಟ ಟ್ರಾನ್ಸ್‌ಫಾರ್ಮರ್ ಒಂದೇ ಒಂದು, ಅದೂ ಇನ್‌ಪುಟ್ ಕಡೆಗೆ. ಔಟ್‌ಪುಟ್ಟಿನಿಂದ ಡಿಸ್‌ಪ್ಲೇಗೆ ಒಂದೆಳೆ ತಂತಿಯೂ ಇಲ್ಲ. ಔಟ್‌ಪುಟ್ ರಿಲೇ ಆನ್ ಇದ್ದರೆ ಸಾಕು, 220 ಅಂತ ಬರೆಯುತ್ತದೆ. ಅಳೆಯದ ಅಂಕಿಯನ್ನು ಕೆಂಪು ಅಕ್ಷರದಲ್ಲಿ ಹೊಳೆಸಿ ತೋರಿಸುವುದು ಮೋಸ, ಇದಕ್ಕೆ ಬೇರೆ ಹೆಸರಿಲ್ಲ.

ಇದೆಲ್ಲ ಆಮೇಲೆ ಬಿಚ್ಚಿದಾಗ ಗೊತ್ತಾದದ್ದು. ವಾರಂಟಿ ಸೀಲ್ ಒಡೆದರೆ ಅದೇ ನೆಪ ಸಿಗುತ್ತದೆ ಅಂತ ಮೊದಲು ಬಿಚ್ಚದೆ ವಾಪಸು ಒಯ್ದೆ. ಅಂಗಡಿಯ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಕೈಗಿಟ್ಟು, “ಒಂದು ಪಾಯಿಂಟ್ ಏರಿಸಿದೀನಿ ಸಾರ್, ಇನ್ನು ಎಷ್ಟೇ ಡಿಮ್ ಇದ್ರೂ ಪೂರ್ತಿ ಬರುತ್ತೆ” ಅಂದರು. ಸಂಜೆ 168 ಇದ್ದಾಗ ಔಟ್‌ಪುಟ್ 227. ಈ ಸಲ ಮೀಟರಿನಲ್ಲೇ ನೋಡಿದೆ. ಸರಿಯಾಯಿತು ಅಂದುಕೊಂಡೆ.

ಅವರು ಮಾಡಿದ್ದು ಇಷ್ಟೇ. 200ರ ತಂತಿ ಕಿತ್ತು, ಅದೇ ರಿಲೇಗೆ 170ರ ತಂತಿ ಬೆಸೆದರು. ಆದರೆ ರಿಲೇ ಯಾವ ವೋಲ್ಟಿಗೆ ಬಿಡಬೇಕು ಅನ್ನುವ ಸೆಟ್ಟಿಂಗ್ ಮುಟ್ಟಲಿಲ್ಲ. ಅದು 1.15ರ ಟ್ಯಾಪಿಗೆ ಇಟ್ಟ ಸೆಟ್ಟಿಂಗು: ಲೈನು 215ಕ್ಕಿಂತ ಇಳಿದರೆ ಬೂಸ್ಟ್ ಹಿಡಿ, 220ಕ್ಕೆ ಏರಿದರೆ ಬಿಡು. 1.15ಕ್ಕೆ ಅದು ಹೆಚ್ಚುಕಡಿಮೆ ಸರಿಯೇ, 215ಕ್ಕೆ 247, ಬಿಡುವ 220ಕ್ಕೂ 253 ಬರುತ್ತದೆ. ಆದರೆ 1.353ಕ್ಕೆ? 200 ಬಂದರೆ 271. 210 ಬಂದರೆ 284. 218 ಬಂದರೆ 295. ಟ್ರಾನ್ಸ್‌ಫಾರ್ಮರಿಗೆ ಬುದ್ಧಿ ಇಲ್ಲ. ಸುತ್ತಿನ ಅನುಪಾತ ಎಷ್ಟಿದೆಯೋ ಅಷ್ಟು ಪಟ್ಟು ಮಾಡಿ ಹೊರಗೆ ತಳ್ಳುತ್ತದೆ. ಇದು ಸಂಜೆ, ಇದು ರಾತ್ರಿ ಅಂತ ನೋಡಿ ಟ್ಯಾಪ್ ಬದಲಿಸಬೇಕಾದ್ದು ರಿಲೇ ಬೋರ್ಡಿನ ಕೆಲಸ. ಟ್ಯಾಪ್ ಬದಲಿಸಿ ಸೆಟ್ಟಿಂಗ್ ಬದಲಿಸದೆ ಬಿಡುವುದು ಅಂದರೆ ಮನೆಗೆ ಬೆಂಕಿ ಇಟ್ಟ ಹಾಗೆ.

ಹಳ್ಳಿ ಲೈನಿನ ನಡತೆ ಗೊತ್ತಲ್ಲ. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಇರುವಷ್ಟು ಹೊತ್ತು ವೋಲ್ಟೇಜ್ ನೆಲ ಹಿಡಿದಿರುತ್ತದೆ. ತ್ರೀ ಫೇಸ್ ತೆಗೆದ ಕೂಡಲೇ ಒಂದೇ ಏಟಿಗೆ ಏರುತ್ತದೆ. ಆ ರಾತ್ರಿ ಹತ್ತರ ಸುಮಾರಿಗೆ ಲೈನು ಏರಿ 210–218ರ ನಡುವೆ ನಿಂತಿತು. ಬಿಡಬೇಕಾದ 220 ಮುಟ್ಟಲೇ ಇಲ್ಲ. ರಿಲೇ ಬೂಸ್ಟಿನಲ್ಲೇ ಕೂತಿತ್ತು. ಡಬ್ಬ ಗುಂಯ್ ಅಂತ ಕೂಗತೊಡಗಿತು. ಕೂಗಲೇಬೇಕು, 170 ವೋಲ್ಟಿನ 340 ಸುತ್ತಿಗೆ 218 ಹಾಕಿದರೆ ಕೋರಿನಲ್ಲಿ ಫ್ಲಕ್ಸ್ (ಕಾಂತ ಹರಿವು) ಶೇಕಡಾ 28 ಹೆಚ್ಚುತ್ತದೆ. ಅಡುಗೆಮನೆಯ ಹಳೇ ಫಿಲಮೆಂಟ್ ಬಲ್ಬು ಹಾಲಿನ ಹಾಗೆ ಬೆಳ್ಳಗಾಯಿತು. ಅಷ್ಟರಲ್ಲಿ ಫ್ರಿಜ್ಜಿನ ಹಿಂದಿನಿಂದ ಟಪ್ ಅಂತ ಸದ್ದು, ಸುಟ್ಟ ವಾಸನೆ. ಓಡಿ ಹೋಗಿ ಮೀಟರ್ ಇಟ್ಟರೆ 293. ಡಿಸ್‌ಪ್ಲೇ ಆಗಲೂ 220! ಮನೆಯ ಸಾಮಾನು ಸುಡುತ್ತಿದೆ, ಮುಂದೆ ಹಸಿರು ದೀಪ, 220. ಆ ಗಳಿಗೆ ಮರೆಯಲು ಆಗುತ್ತಿಲ್ಲ.

ಹೈ ಕಟ್, ಅಂದರೆ ವೋಲ್ಟೇಜ್ ಹೆಚ್ಚಾದರೆ ತಾನೇ ಆಫ್ ಆಗುವುದು, ಯಾಕೆ ಆಗಲಿಲ್ಲ? ಅದೂ ಇನ್‌ಪುಟ್ಟನ್ನೇ ನೋಡುತ್ತದೆ. ಇನ್‌ಪುಟ್ 280 ದಾಟಿದರೆ ಮಾತ್ರ ಆಫ್. ಇನ್‌ಪುಟ್ 216 ಇದೆ, ಎಲ್ಲ ಸರಿಯಿದೆ ಅಂತ ಅದರ ಲೆಕ್ಕ. ತಾನೇ ಹೊರಗೆ ಬಿಡುತ್ತಿರುವ 293 ಅದಕ್ಕೆ ಕಾಣುವುದಿಲ್ಲ. ಫ್ರಿಜ್ಜಿನ ಬೋರ್ಡಿನಲ್ಲಿ ಎಂಒವಿ ಅನ್ನುವ ನೀಲಿ ಬಿಲ್ಲೆ ಸೀಳಿ ಹೋಗಿತ್ತು. ಅದು 275 ವೋಲ್ಟಿನದು, ಒಂದು ಕ್ಷಣದ ಏಟು ತಡೆಯುವುದಕ್ಕೆ ಇರುವಂಥದ್ದು. ಗಂಟೆಗಟ್ಟಲೆ 290ರಲ್ಲಿ ಬೇಯುವುದಕ್ಕೆ ಅಲ್ಲ. ಬೋರ್ಡಿಗೆ 3,400 ರೂಪಾಯಿ ಹೋಯಿತು.

ಮರುದಿನ ಅಂಗಡಿಯಲ್ಲಿ ಕೇಳಿಸಿಕೊಂಡದ್ದನ್ನು ಹಾಗೇ ಬರೆಯುತ್ತೇನೆ.

“ಲೈನಲ್ಲಿ ಹೈ ವೋಲ್ಟೇಜ್ ಬಂದಿರುತ್ತೆ ಸಾರ್, ನಮ್ಮ ಪೀಸು ಏನು ಮಾಡುತ್ತೆ?” ಲೈನು 216 ಇತ್ತು, ಫೋಟೋ ಇದೆ ಅಂದೆ. “ಹಂಗಾದ್ರೆ ನಿಮ್ಮ ಫ್ರಿಜ್ಜು ವೀಕ್ ಇರ್ಬೇಕು.” ನಾಲ್ಕು ಬಲ್ಬೂ ವೀಕಾ? ಮಾತಿಲ್ಲ. ಅಲ್ಲೇ ಮುಚ್ಚಳ ಬಿಚ್ಚಿಸಿ, ಟ್ಯಾಪ್ ಬದಲಿಸಿದ ಬೆಸುಗೆ ತೋರಿಸಿದೆ. ಒಂದು ಸಲ ಬಗ್ಗಿ ನೋಡಿ ಅಂದದ್ದು: “ಒಳಗೆ ಟ್ಯಾಪ್ ಚೇಂಜ್ ಆಗಿದೆ ಸಾರ್. ಕಂಪನಿ ಸೆಟ್ಟಿಂಗ್ ಅಲ್ಲ ಇದು. ವಾರಂಟಿ ಬರಲ್ಲ.”

ಬದಲಿಸಿದ್ದು ಅವರದೇ ಮೆಕ್ಯಾನಿಕ್! ಮೂರು ದಿನದ ಹಿಂದೆ, ಅದೇ ಮೇಜಿನ ಮೇಲೆ! “ನೀವು ಕಂಪ್ಲೇಂಟ್ ಮಾಡಿದ್ದಕ್ಕೆ ತಾನೆ ಮಾಡಿದ್ದು” ಅಂದರು. ಮೆಕ್ಯಾನಿಕ್ ಆ ಹೊತ್ತಿಗೆ ಊಟಕ್ಕೆ ಹೋಗಿದ್ದರು. ಎಸ್ಟಿಮೇಟ್ ಚೀಟಿಯಲ್ಲಿ ಮಾಡೆಲ್ ನಂಬರೂ ಇಲ್ಲ, ಸೀಲೂ ಇಲ್ಲ. ಒಂದು ರೂಪಾಯಿ ವಾಪಸು ಬರಲಿಲ್ಲ.

ಸೆಟ್ಟಿಂಗ್ ಇಳಿಸಿದ್ದರೆ ಸರಿಹೋಗುತ್ತಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಪೂರ್ತಿ ಸರಿಹೋಗುವುದಿಲ್ಲ. 1.353ರ ಟ್ಯಾಪ್ 245 ದಾಟಬಾರದು ಅಂದರೆ 181ಕ್ಕೇ ಬಿಡಬೇಕು. ಬಿಟ್ಟ ಮೇಲೆ ನೇರ ಲೈನು, 181 ಬಂದರೆ 181. ಅಂದರೆ 181ರಿಂದ 215ರ ತನಕ ನೋಡಿಕೊಳ್ಳಲು ಯಾರೂ ಇಲ್ಲ. ಆ ಹಳ್ಳ ತುಂಬುವುದಕ್ಕೇ 1.15ರ ಟ್ಯಾಪ್ ಬೇಕು. ಎರಡೂ ಟ್ಯಾಪು, ಎರಡು ರಿಲೇ, 181ಕ್ಕೊಂದು ಮತ್ತು 215ಕ್ಕೊಂದು ಸೆಟ್ಟಿಂಗು. ಡಬಲ್ ಬೂಸ್ಟ್ ಅಂದರೆ ಇದು. 250 ದಾಟಿದಾಗ ಇಳಿಸುವುದಕ್ಕೆ 540 ಸುತ್ತಿನ ಟ್ಯಾಪ್ ಬೇರೆ ಬೇಕು. ಈ ಡಬ್ಬದಲ್ಲಿ ಅದು ಇಲ್ಲವೇ ಇಲ್ಲ. ಸ್ಟಿಕ್ಕರಿನ ‘280’ಕ್ಕೆ ಅರ್ಥ 260 ಬಂದರೆ 260ನ್ನೇ ಹೊರಗೆ ಬಿಡುತ್ತೇನೆ ಅಂತ. ಎರಡೂ ಬೂಸ್ಟ್ ಇದ್ದರೂ 130ಕ್ಕೆ ಬರುವುದು 176 ಮಾತ್ರ. ಹಾಗಾಗಿ ‘130 ರಿಂದ’ ಅನ್ನುವುದೂ ಸುಳ್ಳೇ.

4 ಕೆವಿಎ ಅನ್ನುವುದೂ ಹಾಗೆಯೇ. 230ರಲ್ಲಿ 4 ಕೆವಿಎ ಅಂದರೆ 17.4 ಆಂಪ್ಸ್. 1.353 ಪಟ್ಟು ಏರಿಸುವಾಗ ಲೈನಿನಿಂದ ಎಳೆಯುವುದು ಅಷ್ಟೇ ಪಟ್ಟು ಹೆಚ್ಚು, 23.5 ಆಂಪ್ಸ್. ಅದಷ್ಟೂ ರಿಲೇ ಕಾಂಟ್ಯಾಕ್ಟಿನ ಮೂಲಕವೇ ಹೋಗಬೇಕು. ರಿಲೇ ಮೇಲೆ ಅಚ್ಚಾಗಿದ್ದು 10 ಎ. ಒಂದು ಎಚ್‌ಪಿ ಮೋಟರು ಸ್ಟಾರ್ಟ್ ಆಗುವಾಗ ಎಳೆಯುವ ಕರೆಂಟಿಗೇ ಆ ಕಾಂಟ್ಯಾಕ್ಟು ಅಂಟಿಕೊಳ್ಳಬಹುದು. ಅಂಟಿಕೊಂಡರೆ ಸೆಟ್ಟಿಂಗ್ ಎಷ್ಟೇ ಸರಿಯಿದ್ದರೂ ಮತ್ತೆ ಅದೇ ಕಥೆ. ‘ಶುದ್ಧ ತಾಮ್ರ’ದ ತಂತಿಯ ಕೆಂಪು ಎನಾಮಲ್ ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ, ಅಲ್ಯೂಮಿನಿಯಂ. ಅಲ್ಯೂಮಿನಿಯಂ ತಂತಿಯೇ ತಪ್ಪು ಅನ್ನುವುದಿಲ್ಲ. ಆದರೆ ಅದರ ಅಡ್ಡಕೊಯ್ತ ತಾಮ್ರದ ತಂತಿಯದರ 1.6 ಪಟ್ಟು ಇರಬೇಕು. ಇಲ್ಲಿ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ ಮತ್ತು ಮಿಕ್ಸಿ ಒಟ್ಟಿಗೆ ಹಾಕಿದರೆ ಇನ್‌ಪುಟ್ ಅಲ್ಲಾಡದಿದ್ದರೂ ಔಟ್‌ಪುಟ್ 14 ವೋಲ್ಟ್ ಕುಸಿಯಿತು.

ಕೊಳ್ಳಲೇಬೇಕಿದ್ದರೆ ಹೀಗೆ ಮಾಡಿ. ಮಲ್ಟಿಮೀಟರ್ ಜೇಬಿನಲ್ಲೇ ಒಯ್ಯಿರಿ, ಡಿಸ್‌ಪ್ಲೇ ಕಡೆ ನೋಡಲೇಬೇಡಿ. ಔಟ್‌ಪುಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಾಕಿಸಿ. ಡಿಮ್ಮರ್‌ಸ್ಟಾಟನ್ನು 150ರಿಂದ ನಿಧಾನವಾಗಿ *ಏರಿಸಲು* ಹೇಳಿ, ಇಳಿಸಿ ತೋರಿಸಿದರೆ ಒಪ್ಪಬೇಡಿ. ಪ್ರತಿ ಟಿಕ್ ಆಗುವ ಮುಂಚಿನ ಗಳಿಗೆಯ ಔಟ್‌ಪುಟ್ ಬರೆದುಕೊಳ್ಳಿ. ಅದೇ ಆ ಟ್ಯಾಪಿನ ಅತಿ ಹೆಚ್ಚು ವೋಲ್ಟೇಜ್. ಅದು 250 ದಾಟಿದರೆ ಬೇಡ. ಹೈ ಕಟ್ ಔಟ್‌ಪುಟ್ಟನ್ನು ನೋಡುತ್ತದೆಯೋ ಇನ್‌ಪುಟ್ಟನ್ನೋ ಕೇಳಿ. ಉತ್ತರ ಗೊತ್ತಿಲ್ಲ ಅಂದರೆ ಎದ್ದು ಬನ್ನಿ. ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರ್ ಬರೆಯಿಸಿ. ರಿಪೇರಿಗೆ ಕೊಟ್ಟರೆ ಏನು ಬದಲಿಸಿದರು ಅಂತ ಅವರ ಕೈಯಲ್ಲೇ ಬರೆಸಿ ಸಹಿ ಹಾಕಿಸಿ. ಸಹಿ ಇದ್ದಿದ್ದರೆ ಆ 3,400 ಅವರ ಕೈಯಿಂದಲೇ ಕೊಡಿಸುತ್ತಿದ್ದೆ.

ಟಿಸಿಯಲ್ಲೇ (ಊರಿನ ಲೈನಿನ ಟ್ರಾನ್ಸ್‌ಫಾರ್ಮರಿನಲ್ಲೇ) ಟ್ಯಾಪ್ ಏರಿಸಿಕೊಳ್ಳಿ ಅಂತ ಊರಲ್ಲಿ ಸಲಹೆ ಕೊಡುವವರೂ ಇದ್ದಾರೆ. ಅಲ್ಲೂ ಇದೇ ಲೆಕ್ಕ. 11,000 ವೋಲ್ಟನ್ನು ಎರಡು ಫೇಸುಗಳ ನಡುವೆ 433ಕ್ಕೆ ಇಳಿಸುವ ಟಿಸಿಯಿಂದ ಲೋಡ್ ಇಲ್ಲದಾಗ ಫೇಸಿಗೆ 250 ಹೊರಡುತ್ತದೆ. ಎಚ್‌ಟಿ ಕಡೆ (11,000 ವೋಲ್ಟಿನ ಕಡೆ) ಶೇಕಡಾ 5ರಷ್ಟು ಸುತ್ತು ಕಡಿಮೆ ಮಾಡಿದರೆ ಅದು 263 ಆಗುತ್ತದೆ. ಸಂಜೆ ತುದಿಯ ಮನೆಗೆ ಹತ್ತು ವೋಲ್ಟ್ ಹೆಚ್ಚು ಸಿಗಬಹುದು, ಆದರೆ ರಾತ್ರಿ ಟಿಸಿ ಪಕ್ಕದ ಮನೆಗಳಿಗೆ 260. ಆ ಟ್ಯಾಪು ಲೈನ್ ಆಫ್ ಮಾಡಿಯೇ ತಿರುಗಿಸುವಂಥದ್ದು, ಇಲಾಖೆಯವರನ್ನು ಬಿಟ್ಟು ಯಾರೂ ಮುಟ್ಟಬಾರದು.

ನಿನ್ನೆ ಅದೇ ಅಂಗಡಿಯ ಮುಂದೆ ಹಾದು ಬಂದೆ. ಅದೇ ಡಬ್ಬ ಆರು ಸಾಲಾಗಿ ಇಟ್ಟಿದ್ದಾರೆ. ಒಂದನ್ನು ಡಿಮ್ಮರ್‌ಸ್ಟಾಟ್‌ಗೆ ಜೋಡಿಸಿ ಯಾರಿಗೋ ತೋರಿಸುತ್ತಿದ್ದರು. ಒಳಗೆ ಹೋಗಿ, ಔಟ್‌ಪುಟ್ಟಿಗೆ ಮೀಟರ್ ಹಿಡಿಯಲು ಹೇಳಿ ಅಂತ ಆ ಗಿರಾಕಿಗೆ ಹೇಳಿದೆ. “ಸಾರ್, ವ್ಯಾಪಾರದ ಹೊತ್ತಲ್ಲಿ ಗಲಾಟೆ ಮಾಡಬೇಡಿ” ಅಂದರು. ಗಿರಾಕಿ ಮೀಟರ್ ಕೇಳಿದರು. ಅಂಗಡಿಯಲ್ಲಿ ಮೀಟರ್ ಇಲ್ಲವಂತೆ.