ಕಾಯಿ ಅಂದರೆ ತಾಯಿ: ಫೋನಿನಲ್ಲಿ ಸ್ಪೀಚ್ ಥೆರಪಿ, ಮೂರು ದಾರಿ ನೋಡಿದ ಮೇಲೆ

ನಮ್ಮ ಮಗಳಿಗೆ ಈಗ ಐದು ವರ್ಷ. ನಾಲ್ಕು ತುಂಬಿದ ಮೇಲೂ ಅವಳ ಬಾಯಲ್ಲಿ 'ಕ' ಬರುತ್ತಿರಲಿಲ್ಲ, 'ತ' ಆಗಿಬಿಡುತ್ತಿತ್ತು. 'ಗ' ಹೋಗಿ 'ದ' ಆಗುತ್ತಿತ್ತು. ತೆಂಗಿನಕಾಯಿ ತೋರಿಸಿ ತಾಯಿ ಅನ್ನುತ್ತಿದ್ದಳು, ಕಾಗೆ ನೋಡಿದರೆ 'ತಾದೆ'. ನಾವಿರುವುದು ಚಿಂತಾಮಣಿಯಲ್ಲಿ, ಬೆಂಗಳೂರಿಗೆ ಹೊಸಕೋಟೆ ಮೇಲೆ ಸುಮಾರು 75 ಕಿಲೋಮೀಟರ್. ಸ್ಪೀಚ್ ಥೆರಪಿಗೆ, ಅಂದರೆ ಉಚ್ಚಾರಣೆ ತಿದ್ದಿಸಲು, ವಾರಕ್ಕೆರಡು ಸಲ ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬರುವುದು ಆಗದ ಕೆಲಸ, ಹೋದರೂ ಅಲ್ಲಿ ಇಳಿಯುವ ಹೊತ್ತಿಗೆ ಅವಳು ನನ್ನ ಭುಜದ ಮೇಲೆ ನಿದ್ದೆ ಹೋಗಿರುತ್ತಿದ್ದಳು. ಅದಕ್ಕೇ ಎಂಟು ತಿಂಗಳಿಂದ ಫೋನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಸರಿಯಾಗಿ ಕೇಳಿಸುತ್ತಿದೆಯಾ, ನಾಲಿಗೆ, ಅಂಗುಳ ಸರಿಯಿದೆಯಾ ಅಂತ ಒಮ್ಮೆ ನೇರವಾಗಿ ತೋರಿಸಿಯೇ ಶುರು ಮಾಡಿ. ಆ ಪರೀಕ್ಷೆಗೆ ಫೋನು ಸಾಲದು.

ಮೊದಲು ಆ್ಯಪ್ ಹಾಕಿಕೊಂಡೆವು. ಬಣ್ಣದ ಚಿತ್ರ, ಚಪ್ಪಾಳೆ, ನಕ್ಷತ್ರ ಎಲ್ಲಾ ಇತ್ತು. ಪದಗಳೆಲ್ಲ ಇಂಗ್ಲಿಷಿನವು, ಅವಳು ದಿನಾ ಆಡದ ಪದಗಳು. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು, ಅವಳು 'ತ' ಅಂದರೂ ನಕ್ಷತ್ರ ಬರುತ್ತಿತ್ತು. ತಪ್ಪನ್ನೇ ಮೆಚ್ಚುವ ಆಟ ಮಗುವಿಗೆ ಯಾಕೆ? ಎರಡು ವಾರಕ್ಕೆ ತೆಗೆದುಹಾಕಿದೆ.

ಆಮೇಲೆ ವಿಡಿಯೋ ಕಾಲ್. ಇಲ್ಲಿ ಕೆಲಸ ಆಯಿತು. 'ತ' ಅನ್ನುವಾಗ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ, 'ಕ' ಅನ್ನುವಾಗ ನಾಲಿಗೆಯ ಹಿಂಭಾಗ ಎದ್ದು ಅಂಗುಳದ ಹಿಂದಿನ ಮೆತ್ತಗಿನ ಜಾಗಕ್ಕೆ ತಾಗಬೇಕು. ಥೆರಪಿಸ್ಟ್ ಮೇಡಂ ಮೊದಲು ನೀರು ಹಾಕಿ ಗಳಗಳ ಮಾಡಿಸಿದರು, ಗಂಟಲ ಹಿಂದೆ ಏನೋ ಇದೆ ಅಂತ ಮಗುವಿಗೆ ಗೊತ್ತಾಗಲಿ ಅಂತ. ಆಮೇಲೆ ಚಮಚದ ಹಿಡಿಯಿಂದ ನಾಲಿಗೆಯ ತುದಿಯನ್ನು ಮೆಲ್ಲಗೆ ಒತ್ತಿ ಹಿಡಿಯಲು ನನಗೆ ಹೇಳಿದರು. ತುದಿ ಏಳದಿದ್ದಾಗ ಹಿಂಭಾಗ ಏಳಲೇಬೇಕಲ್ವಾ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಲ್ಲವನ್ನೂ ಅವರು ನೋಡುತ್ತಾ ಹೇಳಿದರು, ಸುಮ್ನೆ ಓದಿಕೊಂಡು ನಾನೇ ಮಾಡುವಂಥದ್ದಲ್ಲ ಅದು. ನಾಲ್ಕನೇ ವಾರ 'ಕ' ಬಂತು. ನಾನು ಅತ್ತುಬಿಟ್ಟೆ.

ತೊಂದರೆಗಳೂ ಇದ್ದವು. ಸಂಜೆ ನೆಟ್‌ವರ್ಕ್ ನಿಧಾನ, ದನಿ ತಡವಾಗಿ ಬರುತ್ತದೆ, ಇಬ್ಬರೂ ಒಟ್ಟಿಗೇ ಮಾತಾಡಿಬಿಡುತ್ತಾರೆ. ಬೆಳಿಗ್ಗೆಗೆ ಬದಲಾಯಿಸಿಕೊಂಡೆವು. ಕಿಟಕಿಗೆ ಬೆನ್ನು ಹಾಕಿದರೆ ಬಾಯಿ ಕಪ್ಪಾಗಿ ಕಾಣುತ್ತದೆ, ಅದಕ್ಕೆ ಕಿಟಕಿಯ ಕಡೆ ಮುಖ, ಅಕ್ಕಿ ಡಬ್ಬಕ್ಕೆ ಒರಗಿಸಿದ ಫೋನು ಅವಳ ಬಾಯಿಯ ಎತ್ತರಕ್ಕೆ. ಅರ್ಧ ಗಂಟೆ ಅವಳಿಗೆ ಜಾಸ್ತಿ, 20 ನಿಮಿಷಕ್ಕೆ ಇಳಿಸಿದೆವು. ನೆಟ್ ಇಲ್ಲದ ದಿನ ಬರೀ ಫೋನ್ ಕಾಲ್ ಮಾಡೋಣ ಅಂತ ಅನ್ನಿಸುತ್ತದೆ, ಆದರೆ 'ಸ' ತೊಂದರೆಯಿರುವ ಮಕ್ಕಳಿಗೆ ಅದು ಬೇಡ. ಹಳೆಯ ಥರದ ಫೋನ್ ಕಾಲ್ ಸುಮಾರು 300ರಿಂದ 3400 ಹರ್ಟ್ಸ್ (ದನಿ ಎಷ್ಟು ಕೀಚಲು ಅನ್ನುವ ಅಳತೆ) ಶಬ್ದ ಮಾತ್ರ ಸಾಗಿಸುತ್ತದೆ, 'ಸ'ದ ಜೋರೆಲ್ಲ ಬಹುಮಟ್ಟಿಗೆ 4000ದ ಮೇಲಿರುತ್ತದೆ, ಹಾಗಾಗಿ ಸರಿಯೋ ತಪ್ಪೋ ಆ ಕಡೆ ಸರಿಯಾಗಿ ಕೇಳಿಸುವುದಿಲ್ಲ.

ಮೂರನೆಯದು ವಾಟ್ಸಾಪ್. ದಿನಾ ಒಂದು ನಿಮಿಷದ ವಿಡಿಯೋ ಕಳಿಸುತ್ತೇನೆ, ರಾತ್ರಿ ಮೇಡಂ ವಾಯ್ಸ್ ಮೆಸೇಜಿನಲ್ಲಿ ಉತ್ತರ ಹೇಳುತ್ತಾರೆ. ಉತ್ತರ ತಡ, ಅಷ್ಟರಲ್ಲಿ ಮಗು ತಪ್ಪನ್ನೇ ಹತ್ತು ಸಲ ಹೇಳಿರುತ್ತದೆ. ಆದರೆ ಮಾತು ನಮ್ಮ ಅಡುಗೆಮನೆಯಲ್ಲೇ ನಡೆಯುತ್ತದೆ. ಕಾಯಿ ಯಾವುದು, ತಾಯಿ ಯಾರು? ಬಾಗಿಲು ಕಟ್ಟು, ಬಾಗಿಲು ತಟ್ಟು. ಕಲೆ, ತಲೆ. ಒಂದೇ ಶಬ್ದ ತಪ್ಪಿದರೆ ಅರ್ಥವೇ ಬದಲಾಗುತ್ತದೆ ಅಂತ ಅವಳಿಗೇ ಗೊತ್ತಾಯಿತು. ನಮ್ಮತ್ತೆ ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಎರಡು ಭಾಷೆಯಿಂದಲೇ ಹೀಗಾಗಿದೆ, ತೆಲುಗು ಬಿಡಿಸಿ ಅಂತ ಬೀದಿಯಲ್ಲಿ ಎಷ್ಟೋ ಜನ ಹೇಳಿದ್ದರು. ಮೇಡಂ ಸ್ಪಷ್ಟವಾಗಿ ಹೇಳಿದರು, ಎರಡು ಭಾಷೆಯಿಂದ ಮಾತಿನ ತೊಂದರೆ ಬರುವುದಿಲ್ಲ, ಬಿಡಿಸಬೇಡಿ. ಈಗ ಅಜ್ಜಿ 'ಕಾಕಿ' ಅಂತ ತೋರಿಸಿದರೆ ಮೊಮ್ಮಗಳು ಎರಡು 'ಕ'ವನ್ನೂ ಗಟ್ಟಿಯಾಗಿ ಹೇಳುತ್ತಾಳೆ.

ನನ್ನನ್ನು ಕೇಳಿದರೆ, ಶಬ್ದ ಇನ್ನೂ ಹುಟ್ಟದಿರುವಾಗ ವಿಡಿಯೋ ಕಾಲೇ ಬೇಕು, ಹುಟ್ಟಿದ ಮೇಲೆ ದುಡ್ಡು ಕಡಿಮೆಯಿದ್ದರೆ ಕಾಲ್ ಕಮ್ಮಿ ಮಾಡಿ, ಆದರೆ ದಿನದ ವಿಡಿಯೋ ಬಿಡಬೇಡಿ. ಇನ್ನೂ ಮಾತೇ ಶುರುವಾಗದ ಎರಡು ವರ್ಷದ ಮಗುವಾದರೆ ಲೆಕ್ಕ ಬೇರೆ, ಅಲ್ಲಿ ಥೆರಪಿಸ್ಟ್ ಬಹುಪಾಲು ಅಪ್ಪ ಅಮ್ಮನಿಗೇ ಕಲಿಸಬೇಕಾಗುತ್ತದೆ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ಅಂಗನವಾಡಿಯಲ್ಲಿ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ, ಮಾತು ತಡವಾಗುವುದೂ ಅದರ ಪಟ್ಟಿಯಲ್ಲಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಇದೆ.

ನಮ್ಮಲ್ಲಿ ಇನ್ನು 'ಗ' ಬಾಕಿ. ನಿಧಾನವಾಗಿ ಹೇಳಿದರೆ ಕಾಗೆ, ಓಡುತ್ತಾ ಕೂಗಿದರೆ ಇನ್ನೂ 'ಕಾದೆ'. ಶನಿವಾರದ ಕಾಲ್ ಅದಕ್ಕೇ.