ಮನೆಯ ಅಕ್ವಾಪೋನಿಕ್ಸ್ ಕಿಟ್: ಎಂಟು ತಿಂಗಳ ಬಳಕೆಯ ನಂತರ

ಮೀನಿನ ತೊಟ್ಟಿಯ ನೀರನ್ನು ಗಿಡಗಳಿಗೆ ಹಾಯಿಸಿ, ಅಲ್ಲಿ ತಿಳಿಯಾದ ನೀರನ್ನು ಮತ್ತೆ ಮೀನುಗಳಿಗೇ ಮರಳಿಸುವ ಅಕ್ವಾಪೋನಿಕ್ಸ್ ಕಿಟ್ ಒಂದನ್ನು ನಾನು ಎಂಟು ತಿಂಗಳಿಂದ ಬಳಸುತ್ತಿದ್ದೇನೆ. 120 ಲೀಟರಿನ ತೊಟ್ಟಿ, ಅದರ ಮೇಲೆ ಸ್ಟ್ಯಾಂಡಿನಲ್ಲಿ ಕೂರುವ 30 ಸೆಂಟಿಮೀಟರ್ ಆಳದ ಟ್ರೇ, ಟ್ರೇ ತುಂಬಲು ಸುಟ್ಟ ಜೇಡಿಮಣ್ಣಿನ ಗುಂಡುಗಳು, ಸಣ್ಣ ಪಂಪ್ ಮತ್ತು ಟ್ರೇಯ ನೀರನ್ನು ತಾನಾಗಿಯೇ ಕೆಳಗಿಳಿಸುವ ಬೆಲ್ ಸೈಫನ್ ಇದರಲ್ಲಿ ಬರುತ್ತವೆ. ಜೋಡಣೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ವಸ್ತುಗಳ ಬಗ್ಗೆ ನನಗೆ ಹೆಚ್ಚಿನ ದೂರಿಲ್ಲ. ಗಂಭೀರವಾದ ದೂರಿರುವುದು ಕೈಪಿಡಿಯ ಬಗ್ಗೆ.

ನೀರು ತುಂಬಿದ ಮೂರನೆಯ ದಿನ ಮೀನುಗಳನ್ನು ಬಿಡಬಹುದೆಂದು ಆ ಕೈಪಿಡಿ ಹೇಳುತ್ತದೆ. ಅದನ್ನು ನಂಬಿ ನಾನು ಆರು ಗೋಲ್ಡ್ ಫಿಶ್ ಬಿಟ್ಟೆ. ಹತ್ತು ದಿನಗಳೊಳಗೆ ಅವು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಉಸಿರಿಗೆ ಕಷ್ಟಪಡತೊಡಗಿದವು. ಪ್ರತಿದಿನ ಮೂರನೆಯ ಒಂದು ಭಾಗದಷ್ಟು ನೀರು ಬದಲಿಸಿದರೂ ಎರಡು ಮೀನುಗಳು ಸತ್ತವು. ಮೀನುಗಳು ಕಿವಿರುಗಳ ಮೂಲಕ ಹೊರಹಾಕುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಮತ್ತೊಂದು ಬಗೆ ಅದನ್ನು ಗಿಡಗಳು ಸುಲಭವಾಗಿ ಹೀರಿಕೊಳ್ಳುವ ನೈಟ್ರೇಟ್ ಆಗಿಯೂ ಮಾರ್ಪಡಿಸಬೇಕು. ಮೊದಲ ಎರಡೂ ಮೀನಿಗೆ ವಿಷ. ಜೇಡಿಮಣ್ಣಿನ ಗುಂಡುಗಳ ಮೇಲೆ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ತಂಪಾದ ನೀರಿನಲ್ಲಿ ಇನ್ನೂ ಹೆಚ್ಚು. ಮೀನಿಲ್ಲದ ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಅಮೋನಿಯಾ ಹಾಕುತ್ತಾ, ಹಾಕಿದ ಅಮೋನಿಯಾ ಮತ್ತು ಅದರಿಂದ ಹುಟ್ಟಿದ ನೈಟ್ರೈಟ್ ಒಂದೇ ದಿನದಲ್ಲಿ ಸೊನ್ನೆಗೆ ಇಳಿಯುವವರೆಗೆ ಕಾಯುವುದೇ ಸರಿಯಾದ ಕ್ರಮ. ಇದನ್ನು ಒಂದು ಪುಟದಲ್ಲಿ ವಿವರಿಸಿದ್ದರೆ ಆ ಎರಡು ಜೀವಗಳು ಉಳಿಯುತ್ತಿದ್ದವು. ಕಿಟ್‌ನಲ್ಲಿರುವುದು ನೀರಿನ ಆಮ್ಲೀಯತೆ ಅಳೆಯುವ ಪಿಎಚ್ ಪಟ್ಟಿಗಳು ಮಾತ್ರ; ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಪರೀಕ್ಷಾ ದ್ರಾವಣಗಳನ್ನು ನಾವೇ ತರಬೇಕು, ತರದೆ ಆರಂಭಿಸಲೇಬಾರದು.

ಬೆಲ್ ಸೈಫನ್ ಈ ಕಿಟ್‌ನ ಅತ್ಯುತ್ತಮ ಭಾಗ. ಟ್ರೇಯಲ್ಲಿ ನೀರು ನಿಗದಿತ ಮಟ್ಟಕ್ಕೆ ಏರಿದೊಡನೆ ಅದು ತಾನಾಗಿಯೇ ಇಡೀ ನೀರನ್ನು ಸೆಳೆದು ಕೆಳಗಿಳಿಸುತ್ತದೆ, ಆಗ ಬೇರುಗಳಿಗೂ ಬ್ಯಾಕ್ಟೀರಿಯಾಕ್ಕೂ ಗಾಳಿ ದೊರೆಯುತ್ತದೆ. ನೀರಿನ ಹರಿವು ತೀರಾ ಕಡಿಮೆಯಾದರೆ ಸೈಫನ್ ಆರಂಭವಾಗದೆ ನೀರು ಸುಮ್ಮನೆ ಜಿನುಗುತ್ತದೆ. ಹೆಚ್ಚಾದರೆ ಒಮ್ಮೆ ಆರಂಭವಾದದ್ದು ನಿಲ್ಲುವುದೇ ಇಲ್ಲ. ಇದನ್ನು ಸರಿಪಡಿಸಲು ಒಂದು ವಾಲ್ವ್ ಕೊಟ್ಟಿರುವುದು, ಬೇರುಗಳು ಒಳನುಗ್ಗದಂತೆ ಸುತ್ತಲೂ ರಂಧ್ರಗಳಿರುವ ಕೊಳವೆ ಇಟ್ಟಿರುವುದು ತಯಾರಕರ ಅನುಭವವನ್ನು ತೋರಿಸುತ್ತದೆ. ಅದೇ ಕಾಳಜಿ ಕೈಪಿಡಿಯಲ್ಲಿ ಏಕಿಲ್ಲವೋ ಅರ್ಥವಾಗಲಿಲ್ಲ.

ಪಂಪಿನ ಮೇಲೆ ಗಂಟೆಗೆ 400 ಲೀಟರ್ ಎಂದು ಬರೆದಿದೆ. ಟ್ರೇಯ ಎತ್ತರದಲ್ಲಿ 10 ಲೀಟರಿನ ಬಕೆಟ್ ಹಿಡಿದು ನೋಡಿದಾಗ ಅದು ತುಂಬಲು ಎರಡೂವರೆ ನಿಮಿಷ ಬೇಕಾಯಿತು, ಅಂದರೆ ಗಂಟೆಗೆ 240 ಲೀಟರ್. ನೀರು ಎತ್ತಬೇಕಾದ ಎತ್ತರ ಹೆಚ್ಚಿದಂತೆ ಹರಿವು ಕುಗ್ಗುವುದು ಸಹಜ. ತೊಟ್ಟಿಯ ನೀರೆಲ್ಲ ಗಂಟೆಗೆ ಒಮ್ಮೆಯಾದರೂ ಸುತ್ತಬೇಕೆಂಬ ಲೆಕ್ಕಕ್ಕೆ ಇದು ಸಾಕು. ಆದರೆ ಏರ್ ಪಂಪ್ ಕೊಟ್ಟಿಲ್ಲ. ಕರೆಂಟ್ ಹೋದರೆ ಮೀನುಗಳಿಗೆ ಆಮ್ಲಜನಕ ಒದಗಿಸಲು ಬ್ಯಾಟರಿಯಿಂದ ನಡೆಯುವ ಒಂದನ್ನು ನಾನು ಬೇರೆಯಾಗಿ ತಂದಿದ್ದೇನೆ.

ಪುದೀನ ಮತ್ತು ಲೆಟ್ಯೂಸ್ ಸೊಂಪಾಗಿ ಬೆಳೆದಿವೆ. ನಾಲ್ಕನೆಯ ತಿಂಗಳಲ್ಲಿ ಹೊಸ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ಮಿಕ್ಕ ಭಾಗ ಹಳದಿಯಾಯಿತು. ಮೀನಿನ ಆಹಾರದಲ್ಲಿ ಗಿಡಗಳಿಗೆ ಸಾಲುವಷ್ಟು ಕಬ್ಬಿಣಾಂಶ ಇರುವುದಿಲ್ಲ, ಆದ್ದರಿಂದ ಗಿಡಗಳು ಸುಲಭವಾಗಿ ಹೀರಿಕೊಳ್ಳುವಂತೆ ನೀರಿನಲ್ಲಿ ಕರಗಿಯೇ ಉಳಿಯುವ ಕೀಲೇಟೆಡ್ ಕಬ್ಬಿಣವನ್ನು ಲೀಟರಿಗೆ 2 ಮಿಲಿಗ್ರಾಂನಂತೆ ಸೇರಿಸಿದೆ. ಎರಡು ವಾರಗಳ ನಂತರ ಚಿಗುರಿದ ಎಲೆಗಳೆಲ್ಲ ಹಸಿರಾಗಿಯೇ ಬಂದವು.